ಎಟಿಡಿಟಿ ಕೊಟ್ಟರೆ ‘ನೋ ಡಯಲ್‌ಟೋನ್’, ಎಕ್ಸ್3 ಸೇರಿಸಿದರೆ ‘ನೋ ಕ್ಯಾರಿಯರ್’: ಎಲ್ಲಿ ಎಡವಟ್ಟು?

ತಂತಿತಲೆ:

ಲಿನಕ್ಸ್ ಯಂತ್ರ, ಕೊನೆಕ್ಸೆಂಟ್ ಚಿಪ್ಪಿನ ಯುಎಸ್‌ಬಿ 56ಕೆ ಮಾಡೆಮ್. ಫೋನ್ ತಂತಿ ಕಚೇರಿಯ ಇಪಿಎಬಿಎಕ್ಸ್‌ನ (ಒಳಗಿನ ಫೋನುಗಳನ್ನು ಕೂಡಿಸುವ ಪುಟ್ಟ ಎಕ್ಸ್‌ಚೇಂಜ್) ಒಂದು ಎಕ್ಸ್‌ಟೆನ್ಷನ್‌ನಿಂದ ಬರುತ್ತದೆ, ಹೊರಗಿನ ಲೈನಿಗೆ 0 ಒತ್ತಬೇಕು. ಕಚೇರಿ ತುಮಕೂರಿನಲ್ಲಿದೆ. ಕರೆ ಹೋಗಬೇಕಾದದ್ದು ಬೆಂಗಳೂರಿನಲ್ಲಿ ಡೇಟಾ ಲಾಗರ್‌ಗೆ ಜೋಡಿಸಿರುವ ಇನ್ನೊಂದು ಮಾಡೆಮ್‌ಗೆ. ಮಿನಿಕಾಮ್‌ನಲ್ಲಿ (ಮಾಡೆಮ್‌ಗೆ ಕಮ್ಯಾಂಡ್ ಒತ್ತುವ ಪ್ರೋಗ್ರಾಂ) ಬರುವುದು ಇಷ್ಟು (080 ಆದ ಮೇಲಿನ ಎಂಟು ಅಂಕಿ ಇಲ್ಲಿ ಬರೆದಿಲ್ಲ):

ಎಟಿ
ಓಕೆ
ಎಟಿಡಿಟಿ0080…
ನೋ ಡಯಲ್‌ಟೋನ್
ಎಟಿಎಕ್ಸ್3ಡಿಟಿ0080…
ನೋ ಕ್ಯಾರಿಯರ್

ಎರಡನೇ ಉತ್ತರ ಬರಲು ಹತ್ತಿರಹತ್ತಿರ ಒಂದು ನಿಮಿಷ. ಅದೇ ಎಕ್ಸ್‌ಟೆನ್ಷನ್‌ಗೆ ಸಾದಾ ಫೋನ್ ಚುಚ್ಚಿ ಕೈಯಲ್ಲಿ ಡಯಲ್ ಮಾಡಿದರೆ ಆ ಕಡೆಯ ಮಾಡೆಮ್ ಎತ್ತಿ ಕೀರಲು ದನಿ ಕೊಡುತ್ತದೆ. ಲೈನ್ ಸರಿಯಿದೆ ಅಂತಾಯಿತು.

ಹಳೇಡಯಲ್:

ಇಲ್ಲಿರುವುದು ಒಂದಲ್ಲ, ಎರಡು ತೊಂದರೆ. ಮೊದಲನೆಯದನ್ನು ನೀವೇ ಅರ್ಧ ದಾಟಿದ್ದೀರಿ. (ಓದುವ ಹೊಸಬರಿಗೆ: ಕಮ್ಯಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆಯುತ್ತಿದ್ದೇವೆ. ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರವನ್ನೇ ಒತ್ತಬೇಕು. ಎಟಿ ಅಂದರೆ ‘ಇಲ್ಲಿ ಕೇಳು’, ಡಿ ಅಂದರೆ ಡಯಲ್ ಮಾಡು, ಅದರ ಹಿಂದಿನ ಟಿ ಅಂದರೆ ಟೋನಿನಲ್ಲಿ. ಕ್ಯಾರಿಯರ್ ಅಂದರೆ ಎದುರಿನ ಮಾಡೆಮ್‌ನ ದನಿ. ಎ ಮತ್ತು ಟಿ ಎರಡೂ ದೊಡ್ಡಕ್ಷರ ಇರಲಿ, ಇಲ್ಲವೇ ಎರಡೂ ಸಣ್ಣಕ್ಷರ. ಒಂದು ದೊಡ್ಡದು ಒಂದು ಸಣ್ಣದು ಮಾಡಿದರೆ ಮಾಡೆಮ್ ಮೂಕವಾಗುತ್ತದೆ.)

‘ನೋ ಡಯಲ್‌ಟೋನ್’ ಯಾಕೆ ಬಂತು ಅಂದರೆ, ಮಾಡೆಮ್ ಕಾರ್ಖಾನೆಯಿಂದ ಎಕ್ಸ್4ರಲ್ಲಿ ಬರುತ್ತದೆ. ಎಕ್ಸ್4 ಅಂದರೆ ಡಯಲ್ ಟೋನ್ ಕೇಳಿಸಿದ ಮೇಲೆಯೇ ಅಂಕಿ ಒತ್ತು, ಬ್ಯುಸಿ ಬಂದರೂ ಹೇಳು ಅಂತ. ಆದರೆ ಅದಕ್ಕೆ ಗೊತ್ತಿರುವ ಟೋನ್ ಅಮೆರಿಕದ್ದು: 350 ಮತ್ತು 440 ಹರ್ಟ್ಜ್ ಒಟ್ಟಿಗೆ. ನಮ್ಮ ಎಕ್ಸ್‌ಚೇಂಜಿನದು 400 ಹರ್ಟ್ಜ್, ಅದರ ಮೇಲೆ 25 ಹರ್ಟ್ಜ್ ಅಲೆ; ಆ ಗುರ್ರ್ ಅನ್ನುವ ಕಂಪನ ಬರುವುದು ಅದರಿಂದಲೇ. ಇಪಿಎಬಿಎಕ್ಸ್‌ನದು ಇವೆರಡೂ ಅಲ್ಲದ ಮೂರನೇ ದನಿ ಆಗಿರಬಹುದು. ಎಕ್ಸ್3 ಟೋನಿಗೆ ಕಾಯುವುದಿಲ್ಲ, ಎಸ್6 ರಿಜಿಸ್ಟರ್‌ನಲ್ಲಿ (ಮಾಡೆಮ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಗೂಡು) ಇರುವಷ್ಟು ಸೆಕೆಂಡ್ (ಸಾಮಾನ್ಯವಾಗಿ 2) ನಿಂತು ಕುರುಡಾಗಿ ಒತ್ತುತ್ತದೆ, ಬ್ಯುಸಿಗೆ ಮಾತ್ರ ಕಿವಿ ಕೊಡುತ್ತದೆ. ಇಪಿಎಬಿಎಕ್ಸ್ ಹಿಂದೆ ಕೂತವರಿಗೆ ಎಕ್ಸ್3ಯೇ ಸರಿ.

ಎರಡನೆಯದು ನಿಜವಾದ ಕಳ್ಳ. 0 ಆದ ಮೇಲೆ ನೀವು ನಿಲ್ಲುತ್ತಿಲ್ಲ. ಎಸ್11 ಸಾಮಾನ್ಯವಾಗಿ 95: ಒಂದು ಅಂಕಿಗೆ 95 ಮಿಲಿಸೆಕೆಂಡ್ ದನಿ, ಅಷ್ಟೇ ಬಿಡುವು. ನಿಮ್ಮ ಹನ್ನೆರಡೂ ಅಂಕಿ ಎರಡೂಕಾಲು ಸೆಕೆಂಡಿನಲ್ಲಿ ಮುಗಿದವು. ಇಪಿಎಬಿಎಕ್ಸ್ ಟ್ರಂಕ್ (ಹೊರಗಿನ ಲೈನ್) ಹಿಡಿದು ಎಕ್ಸ್‌ಚೇಂಜ್ ಟೋನ್ ಕೊಡಿಸಲು ಒಂದು ಸೆಕೆಂಡ್ ತಗೊಂಡರೂ ಐದು ಅಂಕಿ ಗಾಳಿಗೆ. ಉಳಿದ ತುಂಡು ಸಂಖ್ಯೆ ಎಲ್ಲಿಗೂ ಹೋಗದು, ಅಥವಾ ತುಮಕೂರಿನಲ್ಲೇ ಯಾರದೋ ಮನೆಯ ಫೋನ್ ಬಡಿದೀತು. ಕೈಯಲ್ಲಿ ಒತ್ತುವಾಗ ನೀವು 0 ಒತ್ತಿ, ಟೋನ್ ಕೇಳಿ, ಆಮೇಲೆ ಮುಂದುವರಿಯುತ್ತೀರಿ. ಅದೇ ಬಿಡುವನ್ನು ಮಾಡೆಮ್‌ಗೂ ಬರೆದು ಕೊಡಬೇಕು:

ಎಟಿಎಕ್ಸ್3ಎಂ1ಎಲ್3ಡಿಟಿ0,,080…

ಒಂದು ಕಾಮಾ ಅಂದರೆ ಎಸ್8ರಲ್ಲಿರುವಷ್ಟು ಬಿಡುವು, ಮೊದಲೇ ಇಟ್ಟಿರುವುದು 2 ಸೆಕೆಂಡ್. ಮೊದಲು ಎರಡು ಕಾಮಾ ಹಾಕಿ, ಸಿಕ್ಕಿದ ಮೇಲೆ ಒಂದಕ್ಕೆ ಇಳಿಸಿ. ಎಂ1 ಕ್ಯಾರಿಯರ್ ಸಿಗುವ ತನಕ ಸ್ಪೀಕರ್ ತೆರೆದಿಡುತ್ತದೆ, ಎಲ್3 ದನಿ ಜೋರು. ಡಿ ಯಾವಾಗಲೂ ಸಾಲಿನ ಕೊನೆಗೆ ಬರಬೇಕು. ಅದರ ಹಿಂದೆ ಬರುವುದೆಲ್ಲ ಡಯಲ್ ಮಾಡುವ ಸಂಖ್ಯೆ ಅಂತಲೇ ಮಾಡೆಮ್ ಓದುತ್ತದೆ.

ಕಂಬದಕೆಳಗೆ:

ಕಾಮಾ ಲೆಕ್ಕ ಹಾಕುವ ಗೋಜು ಯಾಕೆ ಸಾರ್? ಡಬ್ಲ್ಯು ಹಾಕಿದರೆ ಎರಡನೇ ಟೋನಿಗೆ ತಾನೇ ಕಾಯುತ್ತದಲ್ಲ. ಎಟಿಡಿಟಿ0ಡಬ್ಲ್ಯು080… ಅಂತ.

ಹಳೇಡಯಲ್:

ಪುಸ್ತಕದ ಪ್ರಕಾರ ಸರಿ. ಆದರೆ ಡಬ್ಲ್ಯು ಕಾಯುವುದೂ ಅದೇ 350/440ರ ಕಿವಿಯಿಂದಲೇ. ಟೋನ್ ಗುರುತು ಸಿಗದಿದ್ದರೆ ಎಸ್7ರ ಅವಧಿ (ಮಾಡೆಮ್ ಹೆಚ್ಚೆಂದರೆ ಕಾಯುವ ಸೆಕೆಂಡ್) ಮುಗಿಯುವವರೆಗೆ ಸುಮ್ಮನೆ ಕೂತು ಮತ್ತೆ ‘ನೋ ಡಯಲ್‌ಟೋನ್’ ಅನ್ನುತ್ತದೆ. ಡಬ್ಲ್ಯು ಬೇಕೇ ಬೇಕು ಅಂದರೆ ಮೊದಲು ದೇಶದ ಸಂಕೇತ ಬದಲಿಸಿ:

ಎಟಿ+ಜಿಸಿಐ=?
ಎಟಿ+ಜಿಸಿಐ=53

53 ಅಂದರೆ ಭಾರತ, ಅಮೆರಿಕದ್ದು ಬಿ5. ಮೊದಲನೆಯ ಸಾಲು ಕೊಡುವ ಪಟ್ಟಿಯಲ್ಲಿ 53 ಇದ್ದರೆ ಮಾತ್ರ ಎರಡನೆಯದು ನಡೆಯುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ನಮ್ಮ ಬ್ಯುಸಿ ಟೋನ್ 0.75 ಸೆಕೆಂಡ್ ಕೂಗು, 0.75 ಮೌನ, ಅಮೆರಿಕದ್ದು ಅರ್ಧ ಸೆಕೆಂಡ್ ಅರ್ಧ ಸೆಕೆಂಡ್, ಆವರ್ತನವೂ ಬೇರೆ. ದೇಶ ತಪ್ಪಿದ್ದರೆ ಆ ಕಡೆ ಬ್ಯುಸಿ ಇದ್ದರೂ ಮಾಡೆಮ್‌ಗೆ ತಿಳಿಯದೆ, ಕಾದು ಕಾದು ‘ನೋ ಕ್ಯಾರಿಯರ್’ ಅನ್ನುತ್ತದೆ. ಸ್ಪೀಕರ್ ಜೋರಿಡಿ ಅಂದದ್ದು ಅದಕ್ಕೇ. 0.4 ಕೂಗು, 0.2 ಬಿಡುವು, 0.4 ಕೂಗು, 2 ಸೆಕೆಂಡ್ ಮೌನ ಕೇಳಿಸಿದರೆ ಅದು ರಿಂಗ್. ಸಮಸಮ ಕೇಳಿಸಿದರೆ ಬ್ಯುಸಿ. ಪರದೆ ಏನೇ ಹೇಳಲಿ, ಕಿವಿ ಹೇಳಿದ್ದನ್ನು ನಂಬಿ.

ಬೆಸುಗೆಕಡ್ಡಿ:

ಎರಡು ಎಚ್ಚರಿಕೆ. ಒಂದು, ಆ ಎಕ್ಸ್‌ಟೆನ್ಷನ್ ಅನಲಾಗ್ ಹೌದೋ ಅಲ್ಲವೋ ನೋಡಿ. ಇವರು ಸಾದಾ ಫೋನ್ ಹಾಕಿ ಪರೀಕ್ಷಿಸಿದ್ದರಿಂದ ಚಿಂತೆಯಿಲ್ಲ. ಆದರೆ ಆಪರೇಟರ್ ಮೇಜಿನ ಬಹುಗುಂಡಿ ಫೋನಿನ ಡಿಜಿಟಲ್ ಪೋರ್ಟಿಗೆ ಮಾಡೆಮ್ ಚುಚ್ಚಿದರೆ ಮಾಡೆಮ್ ಸುಟ್ಟೇ ಹೋಗಬಹುದು. ಸಾಕೆಟ್ ಎರಡಕ್ಕೂ ಒಂದೇ ಥರ ಇರುತ್ತದೆ, ಅದೇ ಫಜೀತಿ.

ಇನ್ನೊಂದು, ಲಿನಕ್ಸ್‌ನಲ್ಲಿ ಮಾಡೆಮ್‌ಮ್ಯಾನೇಜರ್ ಅನ್ನುವ ಸೇವೆ ಹೊಸ ಮಾಡೆಮ್ ಕಂಡ ತಕ್ಷಣ ತಾನೇ ಎಟಿ ಕಮ್ಯಾಂಡ್ ಕಳಿಸಿ ತಡಕಾಡುತ್ತದೆ. ಕರೆ ಕೂಡುತ್ತಿರುವಾಗ ಒಂದೇ ಒಂದು ಅಕ್ಷರ ಒಳಗೆ ಹೋದರೂ ಮಾಡೆಮ್ ಅದನ್ನು ‘ಸಾಕು, ನಿಲ್ಲಿಸು’ ಅಂತ ತಿಳಿದು ಫೋನ್ ಇಡುತ್ತದೆ. ಉತ್ತರ ಅದೇ ‘ನೋ ಕ್ಯಾರಿಯರ್’. ಸೇವೆಯನ್ನು ನಿಲ್ಲಿಸಿಯೇ ಪ್ರಯೋಗ ಮಾಡಿ, ಎಂಟರ್ ಒತ್ತಿದ ಮೇಲೆ ಕೀಲಿಮಣೆ ಮುಟ್ಟಬೇಡಿ.

ಬೋರ್‌ವೆಲ್‌ಬಾಬು:

ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನನ್ನದೂ ‘ನೋ ಕ್ಯಾರಿಯರ್’ ಗೋಳೇ, ಆದರೆ ಸಿಮ್800ಎಲ್ ಅನ್ನೋ ಮೊಬೈಲ್ ಮಾಡ್ಯೂಲ್‌ನಲ್ಲಿ. ತ್ರೀಫೇಸ್ ಕರೆಂಟ್ ಬಂದಾಗ ನನ್ನ ಮೊಬೈಲಿಗೆ ಮಿಸ್ಡ್ ಕಾಲ್ ಬರಬೇಕು, ಅಷ್ಟೇ. ಎಟಿಡಿಟಿ+91… ಕೊಟ್ರೆ ಸಟ್ ಅಂತ ನೋ ಕ್ಯಾರಿಯರ್. ಇದಕ್ಕೂ ಎಕ್ಸ್3 ಹಾಕಬೇಕಾ ಅಣ್ಣಾ?

ಸೀರಿಯಲ್‌ಸುಬ್ಬಿ:

ಬೇಡ. ಅಲ್ಲಿ ಡಯಲ್ ಟೋನ್ ಅನ್ನುವುದೇ ಇಲ್ಲ. ಟಿ (ಟೋನ್), ಪಿ (ಪಲ್ಸ್) ಎರಡೂ ಲೆಕ್ಕಕ್ಕಿಲ್ಲ. ನಿಮಗೆ ಕೊರತೆ ಇರುವುದು ಕೊನೆಯ ಸೆಮಿಕೋಲನ್:

ಎಟಿಡಿ+91…;

ಮೊಬೈಲ್ ಮಾಡ್ಯೂಲಿನಲ್ಲಿ ಸೆಮಿಕೋಲನ್ ಇದ್ದರೆ ಧ್ವನಿ ಕರೆ, ಇಲ್ಲದಿದ್ದರೆ ಡೇಟಾ ಕರೆ. ನೆಟ್‌ವರ್ಕ್ ಆ ಹಳೇ ಡೇಟಾ ಕರೆ ಕೊಡದಿದ್ದರೆ ಸಟ್ ಅಂತ ನೋ ಕ್ಯಾರಿಯರ್. ಲ್ಯಾಂಡ್‌ಲೈನ್ ಮಾಡೆಮ್‌ನಲ್ಲಿ ಅದೇ ಚಿಹ್ನೆಗೆ ಬೇರೆ ಅರ್ಥ: ಅಂಕಿ ಒತ್ತಿ ಮುಗಿಸು, ಕ್ಯಾರಿಯರ್ ಹುಡುಕಬೇಡ, ಮುಂದಿನ ಕಮ್ಯಾಂಡಿಗೆ ಕಾಯು.

ಸೆಮಿಕೋಲನ್ ಹಾಕಿದ ಮೇಲೂ ನೋ ಕ್ಯಾರಿಯರ್ ನಿಲ್ಲದಿದ್ದರೆ ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ. ಎಟಿ+ಸಿಪಿಐಎನ್? ಗೆ ರೆಡಿ ಬರಬೇಕು. ಎಟಿ+ಸಿಎಸ್‌ಕ್ಯು ಕೊಡುವ ಮೊದಲ ಅಂಕಿಯನ್ನು ಎರಡರಿಂದ ಗುಣಿಸಿ 113 ಕಳೆಯಿರಿ, ಡಿಬಿಎಂನಲ್ಲಿ ಸಿಗ್ನಲ್ ಸಿಗುತ್ತದೆ. 10 ಅಂದರೆ ಮೈನಸ್ 93, ಅದಕ್ಕಿಂತ ಕೆಳಗಿದ್ದರೆ ಆಂಟೆನಾ ಮೇಲೇರಿಸಿ. 99 ಅಂದರೆ ಸಿಗ್ನಲ್ಲೇ ತಿಳಿದಿಲ್ಲ. ಎಟಿ+ಸಿಆರ್‌ಇಜಿ? ಉತ್ತರದ ಎರಡನೇ ಅಂಕಿ 1 ಅಥವಾ 5 ಇರಬೇಕು. 2 ಇದ್ದರೆ ಇನ್ನೂ ಹುಡುಕುತ್ತಿದೆ, 3 ಇದ್ದರೆ ನೆಟ್‌ವರ್ಕ್ ಸೇರಿಸಿಕೊಂಡಿಲ್ಲ. ಯಾವ ಸಿಮ್ ಹಾಕಿದ್ದೀರಿ? ಜಿಯೋಗೆ 2ಜಿ ಇಲ್ಲ, ಸಿಮ್800ಎಲ್‌ಗೆ 2ಜಿ ಬಿಟ್ಟು ಬೇರೆ ಗೊತ್ತಿಲ್ಲ.

ಬೋರ್‌ವೆಲ್‌ಬಾಬು:

ಏರ್‌ಟೆಲ್ ಮೇಡಂ. ಸೆಮಿಕೋಲನ್ ಹಾಕಿದೆ, ಓಕೆ ಬಂತು! ಆದ್ರೆ ಫೋನ್ ರಿಂಗ್ ಆಗ್ಲಿಲ್ಲ. ಎರಡು ಸೆಕೆಂಡ್ ಬಿಟ್ಟು ಮತ್ತೆ ರೆಡಿ, ಕಾಲ್ ರೆಡಿ ಅಂತೆಲ್ಲ ತಾನೇ ಬರೆದುಕೊಳ್ತಿದೆ. ಮಾಡ್ಯೂಲಿಗೆ ಆರ್ಡುಯಿನೋದ 5 ವೋಲ್ಟ್ ಪಿನ್ನಿಂದ ಡಯೋಡ್ ಹಾಕಿ ಕೊಟ್ಟಿದೀನಿ. ಮೀಟರ್ ಹಿಡಿದ್ರೆ 4.2 ವೋಲ್ಟ್ ಗಟ್ಟಿಯಾಗಿ ತೋರಿಸ್ತಿದೆ.

ಬೆಸುಗೆಕಡ್ಡಿ:

ಮೀಟರ್ ಸುಳ್ಳು ಹೇಳುತ್ತಿಲ್ಲ, ಅದಕ್ಕೆ ಅಷ್ಟು ಬೇಗ ನೋಡಲು ಬರುವುದಿಲ್ಲ. 2ಜಿ ಮಾಡ್ಯೂಲ್ ಮಾತಾಡುವುದು 4.615 ಮಿಲಿಸೆಕೆಂಡಿಗೊಮ್ಮೆ, ಪ್ರತಿಸಲ 577 ಮೈಕ್ರೋಸೆಕೆಂಡ್ ಮಾತ್ರ. ಆ ಕ್ಷಣದಲ್ಲಿ 2 ಆಂಪಿಯರ್‌ವರೆಗೂ ಎಳೆಯುತ್ತದೆ. ಆರ್ಡುಯಿನೋ ಪಿನ್ನಿಗೆ ಆ ತಾಕತ್ತಿಲ್ಲ. ವೋಲ್ಟೇಜ್ 3.4ರ ಕೆಳಗೆ ಜಾರಿದೊಡನೆ ಮಾಡ್ಯೂಲ್ ಸತ್ತು ಹುಟ್ಟುತ್ತದೆ. ನಿಮಗೆ ಕಾಣುತ್ತಿರುವ ‘ರೆಡಿ, ಕಾಲ್ ರೆಡಿ’ ಅದರ ಪುನರ್ಜನ್ಮದ ಅಳು.

ಮಾಡಬೇಕಾದ್ದು: 12 ವೋಲ್ಟ್‌ನಿಂದ ಎಲ್‌ಎಂ2596 ಬಕ್ ಬೋರ್ಡ್ (ವೋಲ್ಟೇಜ್ ಇಳಿಸುವ ಬೋರ್ಡ್), ಮಾಡ್ಯೂಲ್ ಜೋಡಿಸುವ ಮೊದಲೇ 4.0 ವೋಲ್ಟಿಗೆ ತಿರುಗಿಸಿಡಿ (4.4 ದಾಟಬಾರದು). ಮಾಡ್ಯೂಲಿನ ಕಾಲಿಗೆ ಒತ್ತಿಕೊಂಡೇ 1000 ಮೈಕ್ರೋಫ್ಯಾರಡ್ ಲೋ ಇಎಸ್‌ಆರ್ (ಒಳರೋಧ ಕಡಿಮೆ ಇರುವ) ಕೆಪಾಸಿಟರ್. ವೈರು ದಪ್ಪ ಇರಲಿ, ಗೇಣಿಗಿಂತ ಉದ್ದ ಬೇಡ. ಬ್ರೆಡ್‌ಬೋರ್ಡಿನ ಜಂಪರ್ ವೈರಿನಲ್ಲೇ ಅರ್ಧ ವೋಲ್ಟ್ ಕಳೆದುಹೋಗುತ್ತದೆ. ಆರ್ಡುಯಿನೋ ಗ್ರೌಂಡ್, ಬಕ್ ಗ್ರೌಂಡ್ ಒಂದೇ ಮಾಡಿ. ಆರ್ಡುಯಿನೋದ ಟಿಎಕ್ಸ್ (ಕಳಿಸುವ ಪಿನ್) 5 ವೋಲ್ಟ್, ಮಾಡ್ಯೂಲಿನ ಆರ್‌ಎಕ್ಸ್ (ಪಡೆಯುವ ಪಿನ್) 2.8ರದ್ದು. ನಡುವೆ 10ಕೆ ರೆಸಿಸ್ಟರ್ ಸರಣಿಯಲ್ಲಿ, ಇನ್ನೊಂದು 10ಕೆ ಗ್ರೌಂಡಿಗೆ ಹಾಕಿದರೆ 2.5 ಆಗುತ್ತದೆ, ಸಾಕು. ಮಾಡ್ಯೂಲಿನ ದೀಪ ಸೆಕೆಂಡಿಗೊಮ್ಮೆ ಮಿಣುಕಿದರೆ ನೆಟ್‌ವರ್ಕ್ ಸಿಕ್ಕಿಲ್ಲ, ಮೂರು ಸೆಕೆಂಡಿಗೊಮ್ಮೆ ಆದರೆ ಸಿಕ್ಕಿದೆ.

ಸೀರಿಯಲ್‌ಸುಬ್ಬಿ:

ಆ ‘ಓಕೆ’ ನಂಬಿ ಪ್ರೋಗ್ರಾಂ ಬರೆಯಬೇಡಿ. ಕಮ್ಯಾಂಡ್ ತಲುಪಿತು ಅಂತ ಮಾತ್ರ ಅದರ ಅರ್ಥ, ಆ ಕಡೆ ಫೋನ್ ಹೊಡೆದುಕೊಳ್ಳುತ್ತಿದೆ ಅಂತಲ್ಲ. ಕರೆ ಎಲ್ಲಿದೆ ಅಂತ ತಿಳಿಯಲು ಸೆಕೆಂಡಿಗೊಮ್ಮೆ ಎಟಿ+ಸಿಎಲ್‌ಸಿಸಿ ಕೇಳಿ. ಉತ್ತರದ ಮೂರನೇ ಅಂಕಿ ನೋಡಿ: 2 ಡಯಲ್ ಆಗುತ್ತಿದೆ, 3 ಆ ಕಡೆ ರಿಂಗ್ ಆಗುತ್ತಿದೆ, 0 ಎತ್ತಿದ್ದಾರೆ. ನಿಮಗೆ ಬೇಕಾದ್ದು ಮಿಸ್ಡ್ ಕಾಲ್ ತಾನೆ? 3 ಕಂಡಾಗಿನಿಂದ 15 ಸೆಕೆಂಡ್ ಎಣಿಸಿ ಎಟಿಎಚ್ ಕೊಡಿ. ಅಷ್ಟರಲ್ಲಿ 0 ಆದರೆ ತಕ್ಷಣ ಎಟಿಎಚ್, ಇಲ್ಲದಿದ್ದರೆ ದುಡ್ಡು ಕತ್ತರಿ. 3 ಬರಲೇ ಇಲ್ಲ ಅಂದರೆ ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನ, ಮೂರು ಸಲದ ಮೇಲೆ ಬಿಟ್ಟುಬಿಡಿ. ಕರೆಂಟ್ ಹೋಗಿಬಂದು ಆಡುವ ಹೊತ್ತಿನಲ್ಲಿ ಮಿತಿ ಹಾಕದಿದ್ದರೆ ಫೋನ್ ಬಡಿದುಕೊಳ್ಳುತ್ತಲೇ ಇರುತ್ತದೆ.

ಮುಂದೆ 4ಜಿ ಮಾಡ್ಯೂಲಿಗೆ ಹೋಗುವವರಿಗೆ ಒಂದು ಮಾತು. ಎಟಿಎಚ್‌ಗೆ ಓಕೆ ಬಂದೂ ಕರೆ ಕಡಿಯದಿದ್ದರೆ ಎಟಿ+ಸಿವಿಎಚ್‌ಯು=0 ಕೊಟ್ಟು ನೋಡಿ, ಇಲ್ಲವೇ ನೇರವಾಗಿ ಎಟಿ+ಸಿಎಚ್‌ಯುಪಿ. ಕೊಳ್ಳುವಾಗಲೇ ಧ್ವನಿ ಕರೆ ಇದೆಯಾ ಅಂತ ಕೇಳಿ. ಡೇಟಾ ಮಾತ್ರ ಇರುವ ಮಾಡ್ಯೂಲುಗಳೂ ಅದೇ ಅಂಗಡಿಯಲ್ಲಿ ಸಿಗುತ್ತವೆ, ನೋಡಲು ಅವಳಿಜವಳಿ. ಮತ್ತೆ, ಪರೀಕ್ಷೆಗೆ ಅಂತ ಯಾರೂ 112 ಒತ್ತಬೇಡಿ.

ತಂತಿತಲೆ:

ಅರ್ಧ ಗೆದ್ದೆ. ಮಾಡೆಮ್‌ಮ್ಯಾನೇಜರ್ ನಿಲ್ಲಿಸಿ, ಎಟಿಎಕ್ಸ್3ಡಿಟಿ0,,080… ಕೊಟ್ಟೆ. ಎಕ್ಸ್‌ಚೇಂಜ್ ಟೋನ್, ಅಂಕಿಗಳು, ರಿಂಗ್ ಎಲ್ಲ ಸ್ಪೀಕರಿನಲ್ಲಿ ಕೇಳಿಸಿತು. ಆ ಕಡೆ ಎತ್ತಿತು. ಆಮೇಲೆ ಎರಡೂ ಮಾಡೆಮ್ ಕಿರುಚಾಡಿ, ಸುಮ್ಮನಾಗಿ, ಮತ್ತೆ ಕಿರುಚಿ, ಕೊನೆಗೆ ನೋ ಕ್ಯಾರಿಯರ್. ಹತ್ತು ಸಲಕ್ಕೆ ಒಂದು ಸಲ ‘ಕನೆಕ್ಟ್ 14400’ ಬಂದು ಅರ್ಧ ನಿಮಿಷದಲ್ಲಿ ಕಡಿಯುತ್ತದೆ. ವಿಚಾರಿಸಿದರೆ, ಬೆಂಗಳೂರಿನ ಆ ಲೈನ್ ಈಗ ಫೈಬರ್ ಡಬ್ಬಿಯಿಂದ ಬರುತ್ತಿದೆಯಂತೆ.

ಹಳೇಡಯಲ್:

ಹಾಗಾದರೆ ಡಯಲ್ ಮಾಡುವ ಕೆಲಸ ಮುಗಿಯಿತು, ಇದು ಬೇರೆಯೇ ಜಗಳ. ಫೈಬರ್ ಡಬ್ಬಿಯಲ್ಲಿ ದನಿ ಪೊಟ್ಟಣಗಳಾಗಿ ಹೋಗುತ್ತದೆ. ಜಿ.711 ಕೋಡೆಕ್ (ದನಿಯನ್ನು ಅಂಕಿಗಳಾಗಿಸುವ ವಿಧಾನ) ಇದ್ದರೆ ಹೇಗೋ ನಡೆಯುತ್ತದೆ. ಜಿ.729 ಇದ್ದರೆ ಮರೆತುಬಿಡಿ. ಅದು ಮನುಷ್ಯನ ಮಾತನ್ನು ಹಿಂಡಿ 8 ಕಿಲೋಬಿಟ್ಟಿಗೆ ಇಳಿಸುವ ಲೆಕ್ಕ, ಮಾಡೆಮ್ ದನಿ ಅದರಲ್ಲಿ ಚಿತ್ರಾನ್ನ. ನಿಮಗೆ ಒಮ್ಮೊಮ್ಮೆ 14400 ಸಿಗುತ್ತಿದೆ ಅಂದಮೇಲೆ ಅದು ಜಿ.711ಯೇ. ಪೊಟ್ಟಣ ತಡವಾದಾಗ, ತಪ್ಪಿದಾಗ ಕಡಿಯುತ್ತಿದೆ.

ವೇಗ ಇಳಿಸಿ. ಸ್ವಲ್ಪ ಅಲ್ಲ, ಸೆಕೆಂಡಿಗೆ 2400 ಬಿಟ್‌ಗೇ ಇಳಿಸಿ:

ಎಟಿ+ಎಂಎಸ್=ವಿ22ಬಿ

ಕಾರಣ ಇದೆ. ಮಾಡೆಮ್ ಮಾನದಂಡಗಳಲ್ಲಿ ವಿ.32ರಿಂದ ಮೇಲೆ ಎರಡೂ ಕಡೆಯವರು ಒಂದೇ ಆವರ್ತನದ ಪಟ್ಟಿಯಲ್ಲಿ ಮಾತಾಡುತ್ತಾರೆ, ತನ್ನ ಪ್ರತಿಧ್ವನಿಯನ್ನು ತಾನೇ ಕಳೆದುಕೊಂಡು ಎದುರಿನವನ ಮಾತು ಹೆಕ್ಕಬೇಕು. ದಾರಿಯಲ್ಲಿ ತಡ ಏರುಪೇರಾದರೆ ಆ ಲೆಕ್ಕ ತಪ್ಪುತ್ತದೆ. ವಿ.22ಬಿಸ್‌ನಲ್ಲಿ (ಮೇಲಿನ ಕಮ್ಯಾಂಡಿನ ವಿ22ಬಿ) ಕರೆದವನು 1200 ಹರ್ಟ್ಜ್ ಸುತ್ತ, ಎತ್ತಿದವನು 2400 ಹರ್ಟ್ಜ್ ಸುತ್ತ. ಒಬ್ಬರ ಗದ್ದೆಗೆ ಇನ್ನೊಬ್ಬರು ಕಾಲಿಡುವುದಿಲ್ಲ. ನಿಮ್ಮ ಕಡೆ ಒಂದೇ ಇಳಿಸಿದರೆ ಸಾಕು, ಆ ಕಡೆಯದು ತಾನೇ ಹೊಂದಿಕೊಳ್ಳುತ್ತದೆ. 2400ರಲ್ಲಿ ಸೆಕೆಂಡಿಗೆ 240 ಅಕ್ಷರ. ಲಾಗರ್‌ನ 10 ಕಿಲೋಬೈಟ್ ಮುಕ್ಕಾಲು ನಿಮಿಷದೊಳಗೆ ಇಳಿಯುತ್ತದೆ. ಯುಎಸ್ ರೋಬೋಟಿಕ್ಸ್ ಮಾಡೆಮ್ ಇರುವವರು ಇದರ ಬದಲು ಎಟಿ&ಎನ್3 ಕೊಡಿ. ಜೊತೆಗೆ ಎಸ್7=90 ಇಡಿ, ಮೊದಲ ಹಸ್ತಲಾಘವಕ್ಕೆ ಸಮಯ ಬೇಕು.

56ಕೆ ಅಂತ ಡಬ್ಬದ ಮೇಲೆ ಬರೆದದ್ದನ್ನು ನೋಡಿ ಬೇಸರ ಮಾಡಿಕೊಳ್ಳಬೇಡಿ. ಎದುರಿನವನು ಎಕ್ಸ್‌ಚೇಂಜಿಗೆ ಡಿಜಿಟಲ್ ಆಗಿ ಕೂಡಿಕೊಂಡ ಇಂಟರ್‌ನೆಟ್ ಕಂಪನಿಯಾಗಿದ್ದಾಗ ಮಾತ್ರ ಅದು. ಎರಡು ಮನೆಮಾಡೆಮ್ ಮಾತಾಡಿಕೊಂಡರೆ ಯಾವ ಕಾಲಕ್ಕೂ 33.6ಕೆ ಮೇಲೆ ಹೋಗಲಿಲ್ಲ.

ಕಂಬದಕೆಳಗೆ:

ಲೈನ್ ಕೂಡಿದ ಮೇಲೆ ಕರೆ ಕಡಿಯಲು +++ ಕೊಟ್ಟರೆ ಅದೂ ಆ ಕಡೆಗೇ ಹೋಗುತ್ತದಲ್ಲ, ಓಕೆ ಬರುವುದೇ ಇಲ್ಲ. ಅದು ಯಾಕೆ?

ಹಳೇಡಯಲ್:

ಎಂಟರ್ ಒತ್ತುತ್ತಿದ್ದೀರಿ, ಅಥವಾ ಬಿಡುವು ಕೊಡುತ್ತಿಲ್ಲ. ಒಂದು ಸೆಕೆಂಡ್ ಏನೂ ಒತ್ತಬೇಡಿ, ಮೂರು ಪ್ಲಸ್ ಪಟಪಟ ಒತ್ತಿ, ಮತ್ತೆ ಒಂದು ಸೆಕೆಂಡ್ ಸುಮ್ಮನಿರಿ. ಓಕೆ ಬರುತ್ತದೆ. ಆಮೇಲೆ ಎಟಿಎಚ್. ಮನಸ್ಸು ಬದಲಾದರೆ ಎಟಿಓ, ಅದೇ ಕರೆಗೆ ವಾಪಸು. ಆ ಬಿಡುವು ಎಸ್12ರಲ್ಲಿದೆ: 50, ಅಂದರೆ ಸೆಕೆಂಡಿನ ಐವತ್ತನೇ ಭಾಗದ ಲೆಕ್ಕದಲ್ಲಿ ಐವತ್ತು.

1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್‌ನಲ್ಲಿ ಕಮ್ಯಾಂಡ್, ಡೇಟಾ ಎರಡೂ ಒಂದೇ ತಂತಿಯಲ್ಲಿ ಹೋಗುತ್ತಿದ್ದವು. ಎರಡನ್ನೂ ಬೇರೆ ಮಾಡಲು ಹೂಡಿದ ಉಪಾಯವೇ ಈ ಮೌನ. ಹೇಯ್ಸ್ ಅದಕ್ಕೆ ಪೇಟೆಂಟ್ ಇಟ್ಟುಕೊಂಡಿತ್ತು. ಬಿಡುವಿಲ್ಲದೆ +++ ಗುರುತಿಸುವ ಅಗ್ಗದ ಮಾಡೆಮ್‌ಗಳೂ ಬಂದವು. ಆ +++ಎಟಿಎಚ್0 ಅನ್ನುವ ಅಕ್ಷರಗಳನ್ನು ಪಿಂಗ್‌ನೊಳಗೆ (ಯಂತ್ರ ಉತ್ತರಿಸುತ್ತದೆಯೇ ಅಂತ ನೋಡುವ ನೆಟ್‌ವರ್ಕ್ ಸಂದೇಶ) ತುಂಬಿ ಕಳಿಸಿದರೆ, ಎದುರಿನ ಯಂತ್ರ ಅದನ್ನು ಹಾಗೇ ವಾಪಸು ಕಳಿಸಹೋಗಿ ತನ್ನ ಫೋನನ್ನು ತಾನೇ ಇಟ್ಟುಬಿಡುತ್ತಿತ್ತು. ಎಸ್2=255 ಹಾಕಿ +++ ಗುರುತಿಸುವುದನ್ನೇ ನಿಲ್ಲಿಸುವುದು ಮದ್ದು. ಹಾಗೆ ಮಾಡಿದರೆ ಕರೆ ಕಡಿಯಲು ಡಿಟಿಆರ್ (ಕಂಪ್ಯೂಟರ್ ಸಿದ್ಧ ಅಂತ ಮಾಡೆಮ್‌ಗೆ ಹೇಳುವ ತಂತಿ) ಇಳಿಸಬೇಕು, ಎಟಿ&ಡಿ2 ಇರಲಿ.

ತಂತಿತಲೆ:

ಕನೆಕ್ಟ್ 2400. ಇಪ್ಪತ್ತು ನಿಮಿಷ ಬಿಟ್ಟೆ, ಕಡಿಯಲಿಲ್ಲ. ಲಾಗರ್ ಫೈಲ್ ಪೂರ್ತಿ ಇಳಿಯಿತು. ಕೊನೆಯ ಪ್ರಶ್ನೆ: ದಿನಾ ರಾತ್ರಿ ತಾನೇ ಕರೆ ಮಾಡಲು ಚಾಟ್ ಸ್ಕ್ರಿಪ್ಟ್ (ಕಮ್ಯಾಂಡ್ ಕಳಿಸಿ ಉತ್ತರಕ್ಕೆ ಕಾಯುವ ಸಾಲುಗಳು) ಬರೆದರೆ ಒಮ್ಮೊಮ್ಮೆ ಉತ್ತರ ಬರುವ ಮುಂಚೆಯೇ ಕೈ ಎತ್ತುತ್ತದೆ.

ಸೀರಿಯಲ್‌ಸುಬ್ಬಿ:

ಚಾಟ್ ತಾನಾಗಿ ಕಾಯುವುದು 45 ಸೆಕೆಂಡ್, ನೀವು ಮಾಡೆಮ್‌ಗೆ ಕೊಟ್ಟಿರುವುದು 90. ಸ್ಕ್ರಿಪ್ಟಿನ ಟೈಮ್‌ಔಟ್ 120 ಮಾಡಿ. ಅಬಾರ್ಟ್ ಪಟ್ಟಿಯಲ್ಲಿ (ಯಾವ ಉತ್ತರ ಬಂದರೆ ನಿಲ್ಲಿಸಬೇಕು ಅನ್ನುವ ಪಟ್ಟಿ) ಬ್ಯುಸಿ, ನೋ ಕ್ಯಾರಿಯರ್, ನೋ ಆನ್ಸರ್ ಜೊತೆ ನೋ ಡಯಲ್‌ಟೋನನ್ನು ಎರಡು ರೀತಿ ಬರೆಯಿರಿ: ಡಯಲ್ ಮತ್ತು ಟೋನ್ ಕೂಡಿಸಿ ಒಮ್ಮೆ, ಬಿಡಿಸಿ ಒಮ್ಮೆ. ಒಂದೊಂದು ಮಾಡೆಮ್ ಒಂದೊಂದು ಥರ ಉಗುಳುತ್ತದೆ. &ಡಬ್ಲ್ಯು ಕೊಟ್ಟು ಸೆಟ್ಟಿಂಗ್ ಉಳಿಸಿಟ್ಟೆ ಅಂತ ನಂಬಿ ಕೂರಬೇಡಿ, ಯುಎಸ್‌ಬಿ ಕಿತ್ತರೆ ಎಲ್ಲ ಮರೆಯುವ ಮಾಡೆಮ್‌ಗಳಿವೆ. ಪ್ರತಿ ಕರೆಗೂ ಎಟಿ&ಎಫ್ (ಕಾರ್ಖಾನೆಯ ಸೆಟ್ಟಿಂಗಿಗೆ ವಾಪಸು), ಆಮೇಲೆ +ಎಂಎಸ್, ಆಮೇಲೆ ಎಕ್ಸ್3ಎಸ್7=90, ಕೊನೆಗೆ ಡಯಲ್. ಮುಂದೆ ಆ ಸಂಖ್ಯೆ ಮೊಬೈಲ್ ಆದರೆ ಒಂದು 0 ಹೆಚ್ಚಿಗೆ ಬೇಕು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ 0 ಸೇರಿಸಲೇಬೇಕು. ನಿಮ್ಮಲ್ಲಿ ಅದು 0,,0 ಆಮೇಲೆ ಹತ್ತು ಅಂಕಿ.

ಬೋರ್‌ವೆಲ್‌ಬಾಬು:

ಬಕ್ ಬೋರ್ಡ್ ಹಾಕಿದ ಮೇಲೆ ಮಿಸ್ಡ್ ಕಾಲ್ ಬರ್ತಿದೆ! ಈಗ ಆರ್ಡುಯಿನೋ ತೆಗೆದು ರಾಸ್ಪ್‌ಬೆರಿ ಪೈಗೆ ಹಾಕಿದೆ. ಶೆಲ್‌ನಲ್ಲಿ ಎಕೋ ಕೊಟ್ಟು ಎಟಿಡಿ+91…; ಅಂತ ಪೋರ್ಟಿಗೆ ಕಳಿಸಿದ್ರೆ ಮೊದಲು ಏನೂ ಆಗ್ಲಿಲ್ಲ. ಕೊನೆಗೆ ಸಿಆರ್ (ಎಂಟರ್ ಒತ್ತಿದಾಗ ಹೋಗೋ ಅಕ್ಷರ) ಸೇರಿಸಿದ ಮೇಲೆ ಮತ್ತೆ ಅದೇ ನೋ ಕ್ಯಾರಿಯರ್. ಸೆಮಿಕೋಲನ್ ಹಾಕೇ ಇದೀನಿ ಮೇಡಂ.

ಸೀರಿಯಲ್‌ಸುಬ್ಬಿ:

ನೀವು ಹಾಕಿದ್ದೀರಿ, ಶೆಲ್ ನುಂಗಿದೆ. ಶೆಲ್‌ಗೆ ಸೆಮಿಕೋಲನ್ ಅಂದರೆ ಒಂದು ಕಮ್ಯಾಂಡ್ ಮುಗಿದು ಇನ್ನೊಂದು ಶುರು. ಎಕೋ ಬಿಟ್ಟು ಪ್ರಿಂಟ್‌ಎಫ್ ಬಳಸಿ, ಎಟಿಡಿಯಿಂದ ಸಿಆರ್‌ವರೆಗೆ ಇಡೀ ಸಾಲನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಹಾಕಿ.